ಸಿಡಿಯದ ಬಾಂಬುಗಳೂ ಒಬ್ಬ ರಾಯಭಾರಿಯೂ

ಲಾವೋ ಭಾಷೆಯಲ್ಲಿ ‘ಬಾಂಬಿ’ ಎಂಬುದೊಂದು ಮಾತುಂಟು. ಕೇಳುವುದಕ್ಕೆ ಮಕ್ಕಳ ಆಟದ ಸಾಮಾನಿನ ಹೆಸರಿನಂತಿದೆ. ನಾವು ಬಾಂಬು ಎಂದಂತೆ ಅವರು ಬಾಂಬಿ ಎಂದರು. ಆದರೆ ಆ ಹೆಸರಿನಿಂದ ಅವರು ಕರೆಯುವುದು ಮನೆ ಕೆಡಹುವ ದೊಡ್ಡ ಬಾಂಬನ್ನಲ್ಲ. ಟೆನ್ನಿಸ್ ಚೆಂಡಿನಷ್ಟು ಗಾತ್ರದ, ಅಂಗೈಯಲ್ಲಿ ಹಿಡಿಯಬಹುದಾದ, ಅರ್ಧ ಕಿಲೋಗ್ರಾಮಿಗೂ ಕಡಮೆ ತೂಕದ ಒಂದು ಲೋಹದ ಉಂಡೆಯನ್ನು. ಲಾವೋಸಿನ ಮೇಲೆ ಕಡೆಯ ಬಾಂಬು ಬಿದ್ದದ್ದು 1973ರಲ್ಲಿ. ಅಂದಿನಿಂದ ಅರ್ಧ ಶತಮಾನ ಕಳೆದಿದೆ. ಆದರೂ ಗದ್ದೆಯಲ್ಲಿ ಗುದ್ದಲಿ ಹಾಕುವ ರೈತ, ಕಾಡಿನ ಅಂಚಿನಲ್ಲಿ ಕಳಲೆ ಅಗೆಯುವ ಹೆಂಗಸು, ದನ ಕಾಯುವ ಹುಡುಗ, ಇವರು ಇಂದಿಗೂ ಈ ಉಂಡೆಗಳಿಂದ ಸಾಯುತ್ತಿದ್ದಾರೆ, ಕೈಕಾಲು ಕಳೆದುಕೊಳ್ಳುತ್ತಿದ್ದಾರೆ.

ಈ ಬಾಂಬುಗಳನ್ನು ನೆಲದಿಂದ ತೆಗೆಯುವ ಕೆಲಸಕ್ಕೆ ತಮ್ಮ ಹೆಸರಿನ ಬೆಂಬಲ ಕೊಟ್ಟವರಲ್ಲಿ ಅಮೆರಿಕದ ನಿವೃತ್ತ ರಾಯಭಾರಿ ವಿಕ್ಟರ್ ಟಾಮ್ಸೆತ್ ಒಬ್ಬರು. ಬಾಂಬು ತೆಗೆಯುವುದಕ್ಕೂ ರಾಯಭಾರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಏಕೆಂದರೆ ಲಾವೋಸಿನಲ್ಲಿ ಆ ಬಾಂಬುಗಳು ಬಿದ್ದದ್ದೇ ರಾಯಭಾರಿಯ ಕಚೇರಿಯ ಒಪ್ಪಿಗೆಯಿಂದ. ಈ ಸಂಗತಿಯನ್ನು ಮೊದಲು ತಿಳಿದುಕೊಂಡರೆ ಟಾಮ್ಸೆತ್ ಅವರ ಕಥೆಗೆ ಅರ್ಥ ಬರುತ್ತದೆ.

ಲಾವೋಸ್ ಸಮುದ್ರವಿಲ್ಲದ ದೇಶ. ಪಶ್ಚಿಮಕ್ಕೆ ಥಾಯ್ಲೆಂಡು, ಪೂರ್ವಕ್ಕೆ ವಿಯೆಟ್ನಾಂ, ದಕ್ಷಿಣಕ್ಕೆ ಕಾಂಬೋಡಿಯ, ಉತ್ತರಕ್ಕೆ ಚೀನ ಮತ್ತು ಬರ್ಮ. ಮೆಕಾಂಗ್ ನದಿ ಪಶ್ಚಿಮದ ಗಡಿಯ ಉದ್ದಕ್ಕೂ ಬಹು ದೂರ ಹರಿಯುತ್ತದೆ. ವಿಸ್ತಾರದಲ್ಲಿ ನಮ್ಮ ಕರ್ನಾಟಕಕ್ಕಿಂತ ತುಸು ದೊಡ್ಡದು; ಆದರೆ ಇಡೀ ದೇಶದ ಜನಸಂಖ್ಯೆ ಇಂದಿಗೂ ಬೆಂಗಳೂರು ನಗರದಷ್ಟಿಲ್ಲ. ಫ್ರೆಂಚರ ಆಳ್ವಿಕೆ ಮುಗಿದ ಮೇಲೆ, 1954ರ ಜಿನೀವಾ ಒಪ್ಪಂದದ ಪ್ರಕಾರ, ಅಲ್ಲಿ ಶಾಂತಿ ಪಾಲನೆಯಾಗುತ್ತಿದೆಯೇ ಎಂದು ನೋಡಿಕೊಳ್ಳಲು ಒಂದು ಅಂತಾರಾಷ್ಟ್ರೀಯ ಆಯೋಗ ನೇಮಕವಾಯಿತು. ಅದರ ಅಧ್ಯಕ್ಷ ಸ್ಥಾನ ಭಾರತಕ್ಕೆ ಬಂದಿತು. ಕೆನಡ, ಪೋಲೆಂಡುಗಳು ಸದಸ್ಯರು. 1962ರಲ್ಲಿ ಜಿನೀವಾದಲ್ಲೇ ಮತ್ತೊಮ್ಮೆ 14 ರಾಷ್ಟ್ರಗಳು ಸೇರಿ, ಲಾವೋಸ್ ಯಾರ ಪಕ್ಷಕ್ಕೂ ಸೇರದ ತಟಸ್ಥ ದೇಶವಾಗಿ ಉಳಿಯಬೇಕು, ಅಲ್ಲಿ ಹೊರಗಿನ ಸೈನ್ಯ ಇರಕೂಡದು ಎಂದು ಸಹಿ ಹಾಕಿದವು. ಭಾರತವೂ ಸಹಿ ಹಾಕಿತು, ಅಮೆರಿಕವೂ ಹಾಕಿತು, ಉತ್ತರ ವಿಯೆಟ್ನಾಮೂ ಹಾಕಿತು.

ಸಹಿಯ ಶಾಯಿ ಒಣಗುವ ಹೊತ್ತಿಗೆ ಒಪ್ಪಂದ ಮುರಿದಿತ್ತು. ಉತ್ತರ ವಿಯೆಟ್ನಾಮಿನ ಸೈನಿಕರು ಲಾವೋಸಿನಿಂದ ಹೊರಟುಹೋಗಲಿಲ್ಲ. ದಕ್ಷಿಣ ವಿಯೆಟ್ನಾಮಿಗೆ ಆಳುಗಳನ್ನೂ ಮದ್ದುಗುಂಡುಗಳನ್ನೂ ಸಾಗಿಸುವ ಅವರ ಗುಪ್ತದಾರಿ, ಹೋ ಚಿ ಮಿನ್ ಹಾದಿ ಎಂದು ಹೆಸರಾದದ್ದು, ಪೂರ್ವ ಲಾವೋಸಿನ ಬೆಟ್ಟಕಾಡುಗಳ ನಡುವೆ ಹಾದುಹೋಗುತ್ತಿತ್ತು. ಉತ್ತರದಲ್ಲಿ ಪಾಥೆಟ್ ಲಾವೋ ಎಂಬ ಕಮ್ಯೂನಿಸ್ಟ್ ಪಕ್ಷದ ಪಡೆಗಳು ರಾಜನ ಸರ್ಕಾರದೊಡನೆ ಕಾದುತ್ತಿದ್ದವು. ಅಮೆರಿಕ ಬಹಿರಂಗವಾಗಿ ಸೈನ್ಯ ಕಳಿಸುವಂತಿರಲಿಲ್ಲ. ತಟಸ್ಥತೆಗೆ ತಾನೂ ಸಹಿ ಹಾಕಿತ್ತು. ಆದ್ದರಿಂದ ಯುದ್ಧವನ್ನು ಮರೆಯಲ್ಲಿ ನಡೆಸಿತು. ಸೇನಾಪತಿಯಿಲ್ಲದ ಯುದ್ಧಕ್ಕೆ ಯಜಮಾನ ಯಾರು? ವಿಯೆಂಟಿಯಾನ್ ನಗರದಲ್ಲಿದ್ದ ರಾಯಭಾರಿ. ಒಂದು ದೇಶದಲ್ಲಿ ಅಮೆರಿಕ ಸರ್ಕಾರ ನಡೆಸುವ ಎಲ್ಲ ಕೆಲಸಗಳ ಮೇಲೂ ಅಲ್ಲಿನ ರಾಯಭಾರಿಗೆ ಅಧಿಕಾರ ಇರತಕ್ಕದ್ದು ಎಂದು ಅಧ್ಯಕ್ಷ ಕೆನಡಿ 1961ರಲ್ಲಿ ಕಟ್ಟು ಮಾಡಿದ್ದರು. ಅದರಂತೆ 1964ರಿಂದ 1969ರವರೆಗೆ ರಾಯಭಾರಿಯಾಗಿದ್ದ ವಿಲಿಯಂ ಸಲಿವನ್, ಅವರ ತರುವಾಯ ಬಂದ ಮ್ಯಾಕ್‌ಮರ್ಟ್ರಿ ಗಾಡ್ಲಿ, ಇವರ ಅನುಮತಿಯನ್ನು ಪಡೆದೇ ವಿಮಾನಗಳ ಗುರಿಗಳು ನಿರ್ಧಾರವಾಗುತ್ತಿದ್ದವು. ಔತಣ, ಹಸ್ತಲಾಘವ, ಶುಭಾಶಯ ಪತ್ರ, ಇವೇ ರಾಯಭಾರಿಯ ಕೆಲಸ ಎಂದು ತಿಳಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಅಮೆರಿಕದ ಸಾಮಾನ್ಯ ಜನರಿಗೂ ಇದು ಗೊತ್ತಿರಲಿಲ್ಲ. ಸೆನೆಟರ್ ಸೈಮಿಂಗ್‌ಟನ್ ಅವರ ಉಪಸಮಿತಿ 1969ರ ಅಕ್ಟೋಬರಿನಲ್ಲಿ ವಿಚಾರಣೆ ನಡೆಸಿದ ಮೇಲೆಯೇ ವಿವರಗಳು ಮೆಲ್ಲಮೆಲ್ಲನೆ ಹೊರಬಿದ್ದದ್ದು.

ಎಷ್ಟು ಬಾಂಬು ಬಿದ್ದಿತು? 1964ರಿಂದ 1973ರವರೆಗೆ ಸುಮಾರು 5,80,000 ಸಲ ವಿಮಾನಗಳು ಬಾಂಬು ಹೊತ್ತು ಹಾರಿದವು. 20 ಲಕ್ಷ ಟನ್ನಿಗೂ ಹೆಚ್ಚು ಸುರಿದವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳು ಎಲ್ಲ ರಣರಂಗಗಳಲ್ಲೂ ಕೂಡಿ ಸುರಿಸಿದ್ದಕ್ಕೆ ಇದು ಹೆಚ್ಚುಕಡಮೆ ಸಮ. ಇಂಥ ಅಂಕಿಗಳು ಕಿವಿಗೆ ಬೀಳುತ್ತವೆ, ಮನಸ್ಸಿಗೆ ಇಳಿಯುವುದಿಲ್ಲ. ಬೇರೆ ರೀತಿಯಲ್ಲಿ ಲೆಕ್ಕ ಹಾಕೋಣ. ಒಂಬತ್ತು ವರ್ಷ, ಹಗಲೂ ರಾತ್ರಿ, ಸರಾಸರಿ ಎಂಟು ನಿಮಿಷಕ್ಕೆ ಒಂದು ವಿಮಾನದ ಹೊರೆ. ನೀವು ರಾತ್ರಿ ಕುಳಿತು ಅರ್ಧ ಗಂಟೆಯ ಒಂದು ರೇಡಿಯೋ ನಾಟಕ ಕೇಳಿ ಮುಗಿಸುವಷ್ಟರಲ್ಲಿ ಸುಮಾರು ನಾಲ್ಕು ಹೊರೆ. ಆಗ ಅಲ್ಲಿದ್ದ ಜನ 25-30 ಲಕ್ಷ. ತಲೆಯೊಂದಕ್ಕೆ ಮುಕ್ಕಾಲು ಟನ್ ಬಂದಂತಾಯಿತು. ವಿಯೆಟ್ನಾಮಿನಲ್ಲಿ ಹವೆ ಕೆಟ್ಟು ಗುರಿ ಕಾಣದೆ ಹಿಂದಿರುಗಿದ ವಿಮಾನಗಳೂ, ಬಾಂಬು ಹೊತ್ತು ಇಳಿಯುವುದು ಅಪಾಯವೆಂದು, ಹೊರೆಯನ್ನು ದಾರಿಯಲ್ಲಿದ್ದ ಲಾವೋಸಿನ ಮೇಲೆ ಚೆಲ್ಲಿಹೋದದ್ದುಂಟು. ಉತ್ತರ ವಿಯೆಟ್ನಾಮಿನ ಮೇಲಿನ ದಾಳಿ 1968ರ ನವೆಂಬರಿನಲ್ಲಿ ನಿಂತಿತು. ಬಿಡುವಾದ ವಿಮಾನಗಳು ಲಾವೋಸಿನ ಕಡೆಗೆ ತಿರುಗಿದವು. ಅದೇ ತಿಂಗಳು ಷಿಯೆಂಗ್ ಖ್ವಾಂಗ್ ಪ್ರಾಂತದ ಥಾಮ್ ಪಿಯು ಎಂಬ ಗುಹೆಯಲ್ಲಿ ಅಡಗಿದ್ದ ಹಳ್ಳಿಗರ ಮೇಲೆ ರಾಕೆಟ್ಟು ಬಿದ್ದು 374 ಜನ ಸತ್ತರೆಂದು ಲಾವೋಸಿನ ಲೆಕ್ಕ ಹೇಳುತ್ತದೆ.

ಈ ಹೊರೆಗಳಲ್ಲಿ ಬಹುಪಾಲು ಕೇಡು ಉಳಿಸಿಹೋದದ್ದು ಗೊಂಚಲು ಬಾಂಬು. ಹೆಸರೇ ಹೇಳುವಂತೆ ಇದು ಒಂದಲ್ಲ, ಹಲವು. ವಿಮಾನದಿಂದ ಕಳಚುವಾಗ ಒಂದು ದೊಡ್ಡ ಕೋಶದಂತೆ ಬೀಳುತ್ತದೆ. ಅರ್ಧ ದಾರಿಯಲ್ಲಿ ಕೋಶ ಎರಡು ಹೋಳಾಗಿ ಬಿಚ್ಚಿಕೊಂಡು ಒಳಗಿದ್ದ ಮರಿಬಾಂಬುಗಳು ಆಕಾಶದಲ್ಲಿ ಚದರುತ್ತವೆ. ಬಹುವಾಗಿ ಬಳಕೆಯಾದ ಒಂದು ಜಾತಿಯಲ್ಲಿ ಕೋಶವೊಂದಕ್ಕೆ ಸುಮಾರು 670 ಮರಿಗಳು. ಪ್ರತಿಯೊಂದು ಮರಿಯ ಗೋಡೆಯಲ್ಲೂ ಸುಮಾರು 300 ಉಕ್ಕಿನ ಗುಂಡುಗಳು ಹುದುಗಿವೆ, ಸೈಕಲ್ ಚಕ್ರದ ಬೇರಿಂಗಿನಲ್ಲಿರುವ ಗುಂಡುಗಳಂತೆ. ಮರಿ ಸಿಡಿದಾಗ ಅವು ನಾನಾ ದಿಕ್ಕಿಗೆ ಹಾರುತ್ತವೆ. ಗೋಡೆ ಕೆಡಹುವುದು ಇದರ ಉದ್ದೇಶವಲ್ಲ. ಮನುಷ್ಯರ ಮೈ ತೂತು ಮಾಡುವುದೇ ಉದ್ದೇಶ.

ಇಂಥ ಮರಿಗಳು ಲಾವೋಸಿನ ಮೇಲೆ ಬಿದ್ದದ್ದು ಸುಮಾರು 27 ಕೋಟಿ. ನೂರಕ್ಕೆ ಮೂವತ್ತರವರೆಗೆ ಸಿಡಿಯದೆ ಉಳಿದಿರಬಹುದೆಂದು ಅಂದಾಜು. ಎಂದರೆ ಎಂಟು ಕೋಟಿಯಷ್ಟು. ಏಕೆ ಸಿಡಿಯಲಿಲ್ಲ? ಮರಿಯ ಹೊರಮೈಯಲ್ಲಿ ಸಣ್ಣ ಏಣುಗಳುಂಟು. ಗಾಳಿ ಅವಕ್ಕೆ ಬಡಿದು ಉಂಡೆ ಬುಗುರಿಯಂತೆ ತಿರುಗುತ್ತದೆ. ತಕ್ಕಷ್ಟು ವೇಗದಲ್ಲಿ ತಿರುಗಿದಾಗ ಒಳಗಿನ ಕೀಲು ಬಿಡುಗಡೆಯಾಗಿ ಉಂಡೆ ಸಿಡಿಯಲು ಸಿದ್ಧವಾಗುತ್ತದೆ. ನೆಲಕ್ಕೆ ಅಪ್ಪಳಿಸಿದ ಪೆಟ್ಟಿಗೆ ಸಿಡಿಯುತ್ತದೆ. ಗಟ್ಟಿ ನೆಲದ ಮೇಲೆ ಈ ಲೆಕ್ಕ ಸರಿ. ಲಾವೋಸಿನಲ್ಲಿ ಕೆಳಗಿದ್ದದ್ದು ಮಳೆಗಾಲದ ಕೆಸರುಗದ್ದೆ, ಬಿದಿರು ಮೆಳೆ, ದಟ್ಟ ಕಾಡು. ಕೊಂಬೆಗೆ ತಗುಲಿ ವೇಗ ಕುಂದಿದ್ದು, ಮೆತ್ತನೆಯ ಕೆಸರಿನಲ್ಲಿ ಹೂತುಹೋದದ್ದು, ಕಾರ್ಖಾನೆಯ ತಪ್ಪಿನಿಂದ ಕೀಲು ಕಚ್ಚಿಕೊಂಡದ್ದು, ಹೀಗೆ ಹಲವು ಬಗೆಯಲ್ಲಿ ಅವು ಉಳಿದವು. ಉಳಿದದ್ದು ಸತ್ತಿಲ್ಲ. ಕೀಲು ಯಾವ ಸ್ಥಿತಿಯಲ್ಲಿ ನಿಂತಿದೆ ಎಂಬುದನ್ನು ಹೊರಗಿನಿಂದ ಯಾರೂ ಹೇಳಲಾರರು. ಹತ್ತು ಸಲ ಎತ್ತಿ ಎಸೆದರೂ ಸುಮ್ಮನಿದ್ದದ್ದು ಹನ್ನೊಂದನೆಯ ಸಲ ಸಿಡಿಯಬಹುದು.

ಪೆಟ್ಟೇ ಬೇಕೆಂದಿಲ್ಲ. ಚಳಿಗಾಲದಲ್ಲಿ ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕುಳಿತಾಗ, ಕೆಳಗೆ ನಾಲ್ಕು ಬೆರಳು ಆಳದಲ್ಲಿ ಹೂತಿದ್ದ ಬಾಂಬಿ ಕಾದು ಸಿಡಿದು ಜನ ಸತ್ತ ಸಂದರ್ಭಗಳು ಹಲವು. ಇನ್ನು ಮಕ್ಕಳ ವಿಷಯ. ಫ್ರೆಂಚರು ಬಿಟ್ಟುಹೋದ ಪೆತಾಂಕ್ ಎಂಬ ಲೋಹದ ಗುಂಡಿನ ಆಟ ಲಾವೋಸಿನ ಊರೂರಿನಲ್ಲೂ ಪ್ರಿಯವಾದದ್ದು. ಉಕ್ಕಿನ ಗುಂಡನ್ನು ಕೈಯಲ್ಲಿ ಹಿಡಿದು ಎಸೆಯುವುದನ್ನು ಅಲ್ಲಿನ ಮಗು ದಿನವೂ ನೋಡುತ್ತದೆ. ಮಣ್ಣಿನಿಂದ ಮೇಲೆದ್ದ ತುಕ್ಕುಹಿಡಿದ ಗುಂಡೊಂದನ್ನು ಕಂಡರೆ ಅದು ಏನು ಮಾಡೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧ ನಿಂತ ಮೇಲೆಯೇ 20,000ಕ್ಕೂ ಹೆಚ್ಚು ಜನ ಸತ್ತಿದ್ದಾರೆ ಅಥವಾ ಗಾಯಗೊಂಡಿದ್ದಾರೆ. ಅವರಲ್ಲಿ ಮಕ್ಕಳ ಪಾಲು ದೊಡ್ಡದು. ಬಡತನವೂ ಕೇಡಿಗೆ ಕೈಜೋಡಿಸಿತು. ಹಳೆಯ ಕಬ್ಬಿಣಕ್ಕೆ ಬೆಲೆ ಏರಿದಾಗ ಜನ ಅಗ್ಗದ ಲೋಹಶೋಧಕಗಳನ್ನು ಕೊಂಡು ತಾವೇ ಬಾಂಬು ಹುಡುಕಲು ಹೊರಟರು. ಬಾನ್ ನಾಪಿಯಾ ಎಂಬ ಹಳ್ಳಿಯಲ್ಲಿ ಯುದ್ಧಕಾಲದ ಅಲ್ಯೂಮಿನಿಯಮ್ಮನ್ನು ಕರಗಿಸಿ ಚಮಚ ಎರಕ ಹೊಯ್ಯುತ್ತಾರೆ. ಸಂತೆಗೆ ಬಂದ ಪ್ರವಾಸಿಗಳು ಅವನ್ನು ಕೊಳ್ಳುತ್ತಾರೆ.

ಈಗ ಟಾಮ್ಸೆತ್ ಅವರ ಕಡೆಗೆ ಬರೋಣ. ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ಸಂಸ್ಥಾನದವರು. ವಿದೇಶಾಂಗ ಸೇವೆಗೆ ಸೇರುವ ಮೊದಲು 1960ರ ದಶಕದಲ್ಲಿ ಪೀಸ್ ಕೋರ್ ಎಂಬ ಸ್ವಯಂಸೇವಕರ ದಳದಲ್ಲಿ ನೇಪಾಳದಲ್ಲಿ ಕೆಲಸ ಮಾಡಿದರು. ಆಮೇಲೆ ಥಾಯ್ಲೆಂಡು. ಅಲ್ಲಿ ಥಾಯಿ ಭಾಷೆಯನ್ನು ಚೆನ್ನಾಗಿ ಕಲಿತರು. ಲಾವೋಸಿನ ಮೇಲೆ ಹೋಗುತ್ತಿದ್ದ ವಿಮಾನಗಳಲ್ಲಿ ಅನೇಕವು ಏಳುತ್ತಿದ್ದದ್ದು ಥಾಯ್ಲೆಂಡಿನ ಉಡೋನ್, ನಕೋನ್ ಫನೋಮ್ ಮೊದಲಾದ ನೆಲೆಗಳಿಂದ ಎಂಬುದನ್ನು ಇಲ್ಲಿ ನೆನೆಯಬೇಕು. 1970ರ ದಶಕದ ಉತ್ತರಾರ್ಧದಲ್ಲಿ ಅವರು ಇರಾನಿನ ಷೀರಾಜಿನಲ್ಲಿ ಕಾನ್ಸಲ್ ಆದರು. ಆಗ ಟೆಹರಾನಿನಲ್ಲಿ ಅವರ ಮೇಲಧಿಕಾರಿಯಾಗಿ 1977ರಿಂದ 1979ರವರೆಗೆ ರಾಯಭಾರಿಯಾಗಿದ್ದವರು ಯಾರೆಂದರೆ, ಅದೇ ವಿಲಿಯಂ ಸಲಿವನ್! ಲಾವೋಸಿನ ಬಾಂಬಿಗೆ ಒಪ್ಪಿಗೆ ಕೊಡುತ್ತಿದ್ದವರ ಕೈಕೆಳಗೆ, ಮುಂದೆ ಅದೇ ಬಾಂಬುಗಳ ನಡುವೆ ರಾಯಭಾರಿಯಾಗಬೇಕಾಗಿದ್ದವರು ಕೆಲಸ ಮಾಡಿದರು. ವಿದೇಶಾಂಗ ಸೇವೆ ಎಂಬುದು ಎಷ್ಟು ಚಿಕ್ಕ ಸಂಸಾರ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇರಾನಿನಲ್ಲಿ ಕ್ರಾಂತಿಯಾಯಿತು. ಸಲಿವನ್ ಹೊರಟುಹೋದರು. ಟಾಮ್ಸೆತ್ ಟೆಹರಾನಿನ ದೂತಾವಾಸದಲ್ಲಿ ಹಿರಿಯ ರಾಜಕೀಯ ಅಧಿಕಾರಿಯಾಗಿ ಉಳಿದರು. 1979ರ ನವೆಂಬರ್ 4ರಂದು ವಿದ್ಯಾರ್ಥಿಗಳು ದೂತಾವಾಸದ ಗೋಡೆ ಹತ್ತಿ ಒಳನುಗ್ಗಿದಾಗ, ಅವರು ದೂತಾವಾಸದ ಮುಖ್ಯಸ್ಥ ಬ್ರೂಸ್ ಲೇಂಗನ್ ಅವರೊಡನೆ ಇರಾನಿನ ವಿದೇಶಾಂಗ ಕಚೇರಿಗೆ ಹೋಗಿದ್ದರು. ಅಲ್ಲೇ ಸೆರೆಯಾದರು. ಸೆರೆಯಲ್ಲಿದ್ದರೂ ಮೊದಲ ದಿನಗಳಲ್ಲಿ ಕೈಗೊಂದು ಟೆಲಿಫೋನು ಎಟುಕುತ್ತಿತ್ತು. ಗಲಭೆಯ ನಡುವೆ ದೂತಾವಾಸದಿಂದ ಹೇಗೋ ತಪ್ಪಿಸಿಕೊಂಡು ಬೀದಿಪಾಲಾಗಿದ್ದ ಐದು ಮಂದಿ ಸಹೋದ್ಯೋಗಿಗಳಿಗೆ ಆಶ್ರಯ ಬೇಕಾಗಿತ್ತು. ಟಾಮ್ಸೆತ್ ತಮಗೆ ಪರಿಚಿತನಾದ ಒಬ್ಬ ಥಾಯಿ ಅಡಿಗೆಯವನಿಗೆ ಟೆಲಿಫೋನು ಮಾಡಿ, ಕದ್ದು ಕೇಳುವವರಿಗೆ ಅರ್ಥವಾಗದಂತೆ ಥಾಯಿ ಭಾಷೆಯಲ್ಲಿಯೇ ಮಾತನಾಡಿ, ಅವರಿಗೆ ತಲೆಮರೆಸಿಕೊಳ್ಳುವ ಜಾಗ ಗೊತ್ತುಮಾಡಿದರು. ತರುವಾಯ ಅವರನ್ನು ಕೆನಡದ ರಾಯಭಾರಿಯವರ ಬಳಗ ಕಾಪಾಡಿತು. ಆರನೆಯವರೊಬ್ಬರು ಬಂದು ಸೇರಿದರು. 1980ರ ಜನವರಿಯ ಕೊನೆಯಲ್ಲಿ ಎಲ್ಲರೂ ಕೆನಡದ ಪಾಸ್‌ಪೋರ್ಟು ಹಿಡಿದು ಇರಾನ್ ದಾಟಿದರು. ಟಾಮ್ಸೆತ್ ಮಾತ್ರ ಉಳಿದವರೊಡನೆ 444 ದಿನ ಸೆರೆಯಲ್ಲಿದ್ದು 1981ರ ಜನವರಿ 20ರಂದು ಬಿಡುಗಡೆಯಾದರು. ಭಾಷೆಯೊಂದನ್ನು ಕಲಿತದ್ದು ಎಂದು ಯಾವ ಊರಿನಲ್ಲಿ ಪ್ರಯೋಜನಕ್ಕೆ ಬರುತ್ತದೆಂದು ಯಾರು ಬಲ್ಲರು!

ಅನಂತರ ಕೊಲಂಬೊ, ಬ್ಯಾಂಕಾಕುಗಳಲ್ಲಿ ದೂತಾವಾಸದ ಎರಡನೆಯ ಸ್ಥಾನದಲ್ಲಿ ಸೇವೆ. 1993ರಲ್ಲಿ ಲಾವೋಸಿಗೆ ರಾಯಭಾರಿಯಾಗಿ ನೇಮಕ. 1996ರವರೆಗೆ ವಿಯೆಂಟಿಯಾನಿನಲ್ಲಿ ವಾಸ. ಥಾಯಿ ಬಲ್ಲವನಿಗೆ ಲಾವೋ ಭಾಷೆ ತೀರ ಹೊಸದಲ್ಲ. ಮೈಸೂರಿನ ಕನ್ನಡಕ್ಕೂ ಧಾರವಾಡದ ಕನ್ನಡಕ್ಕೂ ಇರುವುದಕ್ಕಿಂತ ಅಂತರ ಹೆಚ್ಚೇ, ಆದರೂ ನೆಂಟಸ್ತಿಕೆ ಅದೇ ಬಗೆಯದು. 1975ರಲ್ಲಿ ಕಮ್ಯೂನಿಸ್ಟರು ಅಧಿಕಾರಕ್ಕೆ ಬಂದ ಮೇಲೆ ಅಮೆರಿಕ ಅಲ್ಲಿ ರಾಯಭಾರಿಯನ್ನೇ ಇಟ್ಟಿರಲಿಲ್ಲ. 1992ರಲ್ಲಿ ಮತ್ತೆ ನೇಮಕ ಆರಂಭವಾಯಿತು. ಆ ಸಾಲಿನಲ್ಲಿ ಚಾರ್ಲ್ಸ್ ಸಾಲ್ಮನ್ ಮೊದಲನೆಯವರು, ಟಾಮ್ಸೆತ್ ಎರಡನೆಯವರು.

ಆಗ ಎರಡು ಸರ್ಕಾರಗಳ ನಡುವೆ ನಡೆಯುತ್ತಿದ್ದ ಮಾತುಕತೆಯ ವಿಷಯಗಳನ್ನು ನೋಡಿದರೆ ಮನಸ್ಸಿಗೆ ಒಂದು ಬಗೆಯ ಕಸಿವಿಸಿ. ಅಮೆರಿಕಕ್ಕೆ ಮುಖ್ಯವಾಗಿದ್ದದ್ದು ಯುದ್ಧದಲ್ಲಿ ಕಾಣೆಯಾದ ತನ್ನ ವೈಮಾನಿಕರ ಅವಶೇಷಗಳ ಶೋಧನೆ, ಮತ್ತು ಅಫೀಮಿನ ನಿಯಂತ್ರಣ. ಮಕ್ಕಳ ಎಲುಬಾದರೂ ಸಿಗಲಿ ಎಂದು ಕಾಯುವ ತಾಯಿತಂದೆಗಳ ದುಃಖ ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ಆದರೆ ಅದೇ ವಿಮಾನಗಳು ಕೆಡವಿದ ಬಾಂಬುಗಳು ಅದೇ ಗುಡ್ಡಗಳಲ್ಲಿ ಬಿದ್ದಿದ್ದವು. ಅಲ್ಲಿನ ತಾಯಿತಂದೆಗಳ ಮಕ್ಕಳು ಅವುಗಳಿಂದ ಸಾಯುತ್ತಿದ್ದರು. ಈ ಎರಡನೆಯ ದುಃಖ ಮಾತುಕತೆಯ ಮೇಜಿಗೆ ಬರಲು ಬಹಳ ಕಾಲ ಹಿಡಿಯಿತು. ಟಾಮ್ಸೆತ್ ಇದ್ದ ವರ್ಷಗಳಲ್ಲಿಯೇ ಅದಕ್ಕೆ ಆರಂಭವಾಯಿತು. ಬ್ರಿಟನ್ನಿನ ಮೈನ್ಸ್ ಅಡ್ವೈಸರಿ ಗ್ರೂಪ್ ಎಂಬ ಸಂಸ್ಥೆ 1994ರಲ್ಲಿ ಷಿಯೆಂಗ್ ಖ್ವಾಂಗಿನಲ್ಲಿ ಕೆಲಸ ಹಿಡಿಯಿತು. ಲಾವೋಸ್ ಸರ್ಕಾರ 1996ರಲ್ಲಿ ವಿಶ್ವಸಂಸ್ಥೆಯ ಅಂಗಗಳ ನೆರವಿನಿಂದ ಯು.ಎಕ್ಸ್.ಓ. ಲಾವೋ ಎಂಬ ತನ್ನದೇ ರಾಷ್ಟ್ರೀಯ ಕಾರ್ಯಪಡೆಯನ್ನು ಸ್ಥಾಪಿಸಿತು. ಅಮೆರಿಕವೂ ಲಾವೋ ಆಳುಗಳಿಗೆ ತರಬೇತು ಕೊಡಲು ಮುಂದೆ ಬಂದಿತು. ಟಾಮ್ಸೆತ್ ಅವರ ನಂತರ ಬಂದ ವೆಂಡಿ ಚೇಂಬರ್ಲಿನ್ ಅವರ ಕಾಲದಲ್ಲಿ ಅದು ಊರಿತು.

ಆದರೆ ಹಣ ಎಷ್ಟು? ಕೊಟ್ಟದ್ದು ಬಹಳ ಕಡಮೆ. ಬಾಂಬು ಹಾಕಿದ ಹತ್ತು ದಿನಗಳಿಗೆ ಅಮೆರಿಕ ಖರ್ಚು ಮಾಡಿದ್ದು, ಅವನ್ನು ತೆಗೆಯಲು ಎರಡು ದಶಕಗಳಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು ಎಂದು ಲೆಗಸೀಸ್ ಆಫ್ ವಾರ್ ಎಂಬ ಸಂಸ್ಥೆ ಲೆಕ್ಕ ತೋರಿಸಿತು. ಅಮೆರಿಕದಲ್ಲಿ ನೆಲಸಿದ ಲಾವೋ ಮಹಿಳೆ ಚನ್ನಫಾ ಖಾಂವೊಂಗ್ಸಾ 2004ರಲ್ಲಿ ಸ್ಥಾಪಿಸಿದ ಸಂಸ್ಥೆ ಇದು. ಅದರ ಹುಟ್ಟಿಗೆ ಕಾರಣವಾದದ್ದು ಒಂದು ಕಟ್ಟು ಚಿತ್ರಗಳು. 1970-71ರಲ್ಲಿ ಫ್ರೆಡ್ ಬ್ರಾನ್ಫ್‌ಮನ್ ಎಂಬ ಅಮೆರಿಕನ್ ತರುಣ ನಿರಾಶ್ರಿತರ ಶಿಬಿರಗಳಲ್ಲಿ ಹಳ್ಳಿಗರಿಗೆ ಕಾಗದ ಪೆನ್ಸಿಲು ಕೊಟ್ಟು ತಾವು ಕಂಡದ್ದನ್ನು ಬರೆಯುವಂತೆ ಹೇಳಿದ್ದರು. ಹರಿದು ಬಿದ್ದ ಎಮ್ಮೆ, ಉರಿಯುವ ದೇವಾಲಯ, ಮೇಲೆ ಚಿಕ್ಕ ಚಿಕ್ಕ ವಿಮಾನಗಳು. ಚಿತ್ರಕಲೆ ಕಲಿಯದವರ ರೇಖೆಗಳು. ಮೂವತ್ತು ವರ್ಷಗಳ ಮೇಲೆ ಆ ಕಟ್ಟು ವಾಷಿಂಗ್‌ಟನ್ನಿನಲ್ಲಿ ಖಾಂವೊಂಗ್ಸಾ ಅವರ ಕೈಸೇರಿತು.

ಈ ಸಂಸ್ಥೆ ಕೇಳುತ್ತಿದ್ದದ್ದು ಹೆಚ್ಚೇನಲ್ಲ: ವರ್ಷಕ್ಕೆ ಒಂದು ಕೋಟಿ ಡಾಲರು, ಹತ್ತು ವರ್ಷ. ಹಿಲರಿ ಕ್ಲಿಂಟನ್ ವಿದೇಶಾಂಗ ಮಂತ್ರಿಣಿಯಾಗಿದ್ದ ಕಾಲದಲ್ಲಿ (2009-2013) ಲಾವೋಸಿನಲ್ಲಿ ರಾಯಭಾರಿಗಳಾಗಿದ್ದ ಆರು ಮಂದಿ ಒಟ್ಟಾಗಿ ಅವರಿಗೆ ಪತ್ರ ಬರೆದು ನೆರವನ್ನು ಹೆಚ್ಚಿಸಬೇಕೆಂದು ಒತ್ತಾಯ ಮಾಡಿದರು. ಸಾಲ್ಮನ್, ಟಾಮ್ಸೆತ್, ಚೇಂಬರ್ಲಿನ್, ಡಗ್ಲಾಸ್ ಹಾರ್ಟ್‌ವಿಕ್, ಪೆಟ್ರೀಷಿಯ ಹಸ್ಲಾಕ್, ರೇವಿಕ್ ಹ್ಯೂಸೊ. 1992ರಿಂದ ಅಲ್ಲಿಗೆ ಹೋಗಿಬಂದ ರಾಯಭಾರಿಗಳ ಸಾಲು ಪೂರ್ತಿ! ಪಕ್ಷ ಯಾವುದೇ ಇರಲಿ, ಅಧ್ಯಕ್ಷ ಯಾರೇ ಇರಲಿ, ಆ ಕುರ್ಚಿಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಒಂದೇ ಅಭಿಪ್ರಾಯ ಬಂದಿತ್ತೆಂಬುದು ಆ ಪತ್ರದ ನಿಜವಾದ ತೂಕ.

ನಿವೃತ್ತರಾದ ಮೇಲೆ ಪತ್ರ ಬರೆಯುವುದು ಸುಲಭ, ಕುರ್ಚಿಯಲ್ಲಿದ್ದಾಗ ಏಕೆ ಗಟ್ಟಿಯಾಗಿ ಹೇಳಲಿಲ್ಲ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ರಾಯಭಾರಿ ತನ್ನ ಸರ್ಕಾರದ ಬಾಯಿ. ಸ್ವಂತ ಮಾತಿಗೆ ಅಲ್ಲಿ ಎಡೆ ಕಡಮೆ. ಒಳಗಿನಿಂದ ಟಿಪ್ಪಣಿ ಬರೆಯಬಹುದು, ಹೊರಗೆ ಭಾಷಣ ಮಾಡುವಂತಿಲ್ಲ. ಸೇವೆ ಮುಗಿದ ಮೇಲೆ ಆ ಕಟ್ಟು ಬಿಚ್ಚುತ್ತದೆ. ಎಷ್ಟೋ ಜನ ಆಗಲೂ ಮೌನವಾಗಿರುತ್ತಾರೆ, ಅಥವಾ ತಮ್ಮ ಸಾಹಸಗಳ ಆತ್ಮಕಥೆ ಬರೆಯುತ್ತಾರೆ. 444 ದಿನಗಳ ಸೆರೆಯ ಕಥೆಯುಳ್ಳವರಿಗೆ ಜನ ಬೇರೇನನ್ನೂ ಕೇಳುವುದೂ ಇಲ್ಲ. ಅಂಥವರು ಜನಕ್ಕೆ ಗೊತ್ತೇ ಇಲ್ಲದ ಒಂದು ದೇಶದ ಗದ್ದೆಗಳಿಗಾಗಿ ತಮ್ಮ ಹೆಸರು ಕೊಟ್ಟದ್ದನ್ನು ನಾನು ಸಣ್ಣದೆಂದು ಎಣಿಸಲಾರೆ.

ಫಲವೂ ಬಾರದೆ ಇರಲಿಲ್ಲ, ಅದಕ್ಕೆ ಈ ಪತ್ರವೊಂದೇ ಕಾರಣವೆನ್ನಲಾಗದಿದ್ದರೂ. 2010ರ ಸುಮಾರಿನಲ್ಲಿ ವರ್ಷಕ್ಕೆ 50 ಲಕ್ಷ ಡಾಲರು ಇದ್ದ ನೆರವು 2012ರಲ್ಲಿ 90 ಲಕ್ಷವಾಯಿತು. ಅದೇ ವರ್ಷ ಜುಲೈಯಲ್ಲಿ ಕ್ಲಿಂಟನ್ ವಿಯೆಂಟಿಯಾನಿಗೆ ಹೋದರು. 1955ರ ತರುವಾಯ ಅಲ್ಲಿ ಕಾಲಿಟ್ಟ ಮೊದಲ ಅಮೆರಿಕನ್ ವಿದೇಶಾಂಗ ಮಂತ್ರಿ. ಕೃತಕ ಕೈಕಾಲುಗಳನ್ನು ಮಾಡಿಕೊಡುವ ಕೋಪ್ ಎಂಬ ಕೇಂದ್ರವನ್ನು ನೋಡಿದರು. 2016ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಒಬಾಮ ಹೋಗಿ, ಮೂರು ವರ್ಷಕ್ಕೆ 9 ಕೋಟಿ ಡಾಲರು ಎಂದು ಘೋಷಿಸಿದರು. ಅಧಿಕಾರದಲ್ಲಿದ್ದ ಅಮೆರಿಕನ್ ಅಧ್ಯಕ್ಷರೊಬ್ಬರು ಲಾವೋಸಿಗೆ ಹೋದದ್ದು ಅದೇ ಮೊದಲು.

ಹಣ ಹೇಗೆ ಖರ್ಚಾಗುತ್ತದೆ ಎಂಬುದನ್ನೂ ನೋಡಬೇಕು. ಬಾಂಬು ತೆಗೆಯುವುದೆಂದರೆ ಮೊದಲು ಕೇಳುವುದು. ಹಳ್ಳಿಗೆ ಹೋಗಿ ಮುದುಕರನ್ನು ಕೂರಿಸಿಕೊಂಡು, ಎಲ್ಲಿ ಬಿದ್ದದ್ದು ಕಂಡಿರಿ, ಯಾರ ಎಮ್ಮೆ ಎಲ್ಲಿ ಸತ್ತಿತು ಎಂದು ವಿಚಾರಿಸುತ್ತಾರೆ. 2000ರ ಸುಮಾರಿನಲ್ಲಿ ಅಮೆರಿಕ ತನ್ನ ವಿಮಾನಗಳ ದಾಖಲೆಗಳನ್ನೂ ಕೊಟ್ಟಿತು; ಅದರಿಂದ ನಕ್ಷೆಯ ಮೇಲೆ ಎಲ್ಲಿ ಹುಡುಕಬೇಕೆಂಬ ಗೆರೆ ಸಿಕ್ಕಿತು. ಬಳಿಕ ನೆಲವನ್ನು 50 ಮೀಟರಿನ ಚೌಕಗಳಾಗಿ ಭಾಗಿಸಿ ಎಲ್ಲಿ ಬಾಂಬಿ ಇದೆ, ಎಲ್ಲಿ ಇಲ್ಲ ಎಂದು ಗುರುತು ಮಾಡುತ್ತಾರೆ. ಇರುವ ಕಡೆ ಹಗ್ಗ ಕಟ್ಟಿ ಸಣ್ಣ ಸಣ್ಣ ಪಟ್ಟಿ ಮಾಡಿ, ಒಬ್ಬೊಬ್ಬರು ಶೋಧಕ ಯಂತ್ರ ಹಿಡಿದು ಹೆಜ್ಜೆ ಹೆಜ್ಜೆಗೆ ನಿಂತು ಕೇಳುತ್ತಾ ಸಾಗುತ್ತಾರೆ. ಯಂತ್ರ ಕೂಗಿದರೆ ಅಲ್ಲಿ ಕುಳಿತು ಪಕ್ಕದಿಂದ ಮಣ್ಣು ಸರಿಸುತ್ತಾರೆ. ಮೇಲಿನಿಂದ ಎಂದಿಗೂ ಕುಟ್ಟುವುದಿಲ್ಲ. ಹತ್ತರಲ್ಲಿ ಒಂಬತ್ತು ಸಲ ಅದು ಮೊಳೆ, ತಗಡು, ಚೂರು. ಆದರೂ ಪ್ರತಿ ಸಲವೂ ಅಷ್ಟೇ ಎಚ್ಚರಿಕೆ. ಬಾಂಬಿ ಸಿಕ್ಕರೆ ಅದನ್ನು ಎತ್ತುವುದಿಲ್ಲ. ಅಲ್ಲೇ ಪಕ್ಕದಲ್ಲಿ ಸಣ್ಣ ಮದ್ದಿನ ತುಂಡಿಟ್ಟು, ಸುತ್ತ ಮರಳು ಚೀಲ ಪೇರಿಸಿ, ದನಕರು ಜನರನ್ನು ದೂರ ಕಳಿಸಿ, ಧ್ವನಿವರ್ಧಕದಲ್ಲಿ ಎಣಿಸಿ ಸಿಡಿಸುತ್ತಾರೆ. ಈ ತಂಡಗಳಲ್ಲಿ ಹೆಂಗಸರು ಬಹಳ ಮಂದಿ. ಕೆಲವು ತಂಡಗಳಲ್ಲಿ ಹೆಂಗಸರೇ ಎಲ್ಲ.

ಹೀಗೆ ಸಾಗಿದ ಕೆಲಸದ ಪರಿಣಾಮ ಕಣ್ಣಿಗೆ ಕಾಣುವಂಥದು. 2008ರಲ್ಲಿ ಸುಮಾರು 300 ಜನ ಸತ್ತು ಅಥವಾ ಗಾಯಗೊಂಡಿದ್ದರು. 2015ರ ಹೊತ್ತಿಗೆ ವರ್ಷಕ್ಕೆ 50ಕ್ಕೂ ಕಡಮೆಯಾಯಿತು. ಶಾಲೆಗಳಲ್ಲಿ ಬೊಂಬೆಯಾಟ, ಹಾಡುಗಳ ಮೂಲಕ ಮಕ್ಕಳಿಗೆ ಎಚ್ಚರಿಕೆ ಹೇಳಿಕೊಟ್ಟದ್ದೂ ಇದಕ್ಕೆ ಕಾರಣ. ಷಿಯೆಂಗ್ ಖ್ವಾಂಗಿನ ಬಯಲಿನಲ್ಲಿ ಪ್ರಾಚೀನ ಕಾಲದ ದೊಡ್ಡ ಕಲ್ಲಿನ ಹರವಿಗಳು ಸಾಲಾಗಿ ನಿಂತಿವೆ. ಸುತ್ತ ಬಾಂಬು ತೆಗೆದ ಮೇಲೆ ಪುರಾತತ್ತ್ವಜ್ಞರು ಅಲ್ಲಿ ಅಗೆಯುವಂತಾಯಿತು. 2019ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೋಡಲು ಹೋದವರು ಕಾಲುದಾರಿಯ ಅಂಚಿನಲ್ಲಿ ನೆಟ್ಟ ಗುರುತುಗಳ ಒಳಗೇ ನಡೆಯಬೇಕು.

ಗೊಂಚಲು ಬಾಂಬನ್ನೇ ನಿಷೇಧಿಸುವ ಒಪ್ಪಂದವೂ ಆಗಿದೆ. 2008ರ ಮೇ ತಿಂಗಳಲ್ಲಿ ಡಬ್ಲಿನ್ನಿನಲ್ಲಿ ಅದರ ಕರಡು ಒಪ್ಪಿಗೆಯಾಗಿ, ಡಿಸೆಂಬರಿನಲ್ಲಿ ಆಸ್ಲೊ ನಗರದಲ್ಲಿ ಸಹಿ ಬಿದ್ದು, 2010ರ ಆಗಸ್ಟ್ 1ರಂದು ಜಾರಿಗೆ ಬಂದಿತು. ಸೇರಿದ ರಾಷ್ಟ್ರಗಳ ಮೊದಲ ಸಭೆ ಅದೇ ವರ್ಷ ನಡೆದದ್ದು ವಿಯೆಂಟಿಯಾನಿನಲ್ಲಿ. ನೂರಕ್ಕೂ ಹೆಚ್ಚು ರಾಷ್ಟ್ರಗಳು ಸೇರಿವೆ. ಅಮೆರಿಕ, ರಷ್ಯ, ಚೀನಗಳು ಸೇರಿಲ್ಲ. ನಮ್ಮ ದೇಶವೂ ಸೇರಿಲ್ಲ. ಸೇರಿದ್ದ ಲಿಥುವೇನಿಯ 2025ರ ಮಾರ್ಚಿನಲ್ಲಿ ಹೊರಬಂದಿತು. ಒಮ್ಮೆ ಸೇರಿ ಹೊರಹೋದ ದೇಶ ಅದೇ ಮೊದಲನೆಯದು.

ಅದೇ ವರ್ಷದ ಜನವರಿಯಲ್ಲಿ ಅಮೆರಿಕ ತನ್ನ ವಿದೇಶೀ ನೆರವನ್ನೆಲ್ಲ ಏಕಾಏಕಿ ತಡೆಹಿಡಿದಾಗ ಬಾಂಬು ತೆಗೆಯುವ ಕೆಲಸಕ್ಕೂ ಕೆಲವು ಕಾಲ ತಡೆ ಬಿದ್ದಿತು. ಶೋಧಕ ಯಂತ್ರಗಳು ಕೋಣೆ ಸೇರಿದವು, ಆಳುಗಳು ಮನೆಗೆ ಹೋದರು. ನೆಲದೊಳಗಿನದಕ್ಕೆ ಇಂಥ ತಡೆಯಿಲ್ಲವಷ್ಟೆ. ಉಳುವ ಕಾಲಕ್ಕೆ ಮಳೆ ಬಂದೇ ಬರುತ್ತದೆ, ರೈತ ಗದ್ದೆಗೆ ಇಳಿಯಲೇಬೇಕು. ಈಗಿನ ವೇಗದಲ್ಲಿ ಹೋದರೆ ಲಾವೋಸಿನ ನೆಲ ಶುದ್ಧವಾಗಲು ನೂರು ವರ್ಷಕ್ಕೂ ಮೇಲೆ ಬೇಕೆಂದು ಬಲ್ಲವರು ಹೇಳುತ್ತಾರೆ. ವಿಶ್ವಸಂಸ್ಥೆ ಎಲ್ಲ ದೇಶಗಳಿಗೂ ಅಭಿವೃದ್ಧಿಯ 17 ಗುರಿಗಳನ್ನು ಗೊತ್ತುಮಾಡಿದಾಗ, ಲಾವೋಸ್ 2016ರಲ್ಲಿ ತನಗಾಗಿ ಹದಿನೆಂಟನೆಯದೊಂದನ್ನು ಸೇರಿಸಿಕೊಂಡಿತು: ಸಿಡಿಯದ ಬಾಂಬುಗಳ ಭಯವಿಲ್ಲದ ಬದುಕು.